ಇನ್ನೂರ ಹದಿನಾಲ್ಕನೆಯವರ ಚೀಟಿಗಳು

ನಾನು ಒಳ್ಳೆಯವಳೆಂದು ಯಾರೂ ಹೇಳಿಲ್ಲ, ನಾನೂ ಹೇಳಿಕೊಂಡಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ. ನಿಘಂಟು ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ನನ್ನನ್ನು ‘ಕೆಂಪು ಶಾಯಿ’ ಎನ್ನುತ್ತಾರೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೇನೆ.

ನಮ್ಮ ಕೆಲಸ ಹೀಗೆ. ಒಂದು ಪದ ಎಲ್ಲಿಂದ ಹುಟ್ಟಿತೆಂದು ಯಾರು ಬೇಕಾದರೂ ಬರೆದು ಕಳಿಸಬಹುದು. ಅದಕ್ಕೆ ಕಚೇರಿಯೇ ದಪ್ಪ ಚೀಟಿಗಳನ್ನು ಕೊಡುತ್ತದೆ. ಕಳಿಸಿದವರ ಹೆಸರು ಪರಿಶೀಲಿಸುವವರಿಗೆ ಕಾಣುವುದಿಲ್ಲ, ಬರೀ ನಂಬರು. ಸರಿಯಿದ್ದರೆ ಹಸಿರು ಗೀಟು. ಒಂದೇ ಒಂದು ಚೀಟಿಗೆ ಹಸಿರು ಬಿದ್ದರೂ ಸಾಕು, ಸಂಪುಟದ ಮೊದಲ ಪುಟದಲ್ಲಿ ಅವರ ಹೆಸರು ಬರುತ್ತದೆ. ತಪ್ಪಾಗಿದ್ದರೆ ಕೆಂಪು ಗೀಟು, ಪಕ್ಕದಲ್ಲಿ ಕಾರಣ, ಚೀಟಿ ವಾಪಸ್ಸು. ಯಾವ ಗೀಟು ಎಳೆಯುವ ಮೊದಲೂ ಎರಡು ಹಳೆಯ ನಿಘಂಟು ತೆಗೆದು ನೋಡಲೇಬೇಕೆಂಬುದು ನಿಯಮ.

ಕಳೆದ ವರ್ಷ ಲೆಕ್ಕ ಮತ್ತು ಹಣದ ಪದಗಳ ಸಂಪುಟ ನಡೆಯುತ್ತಿತ್ತು. ಇನ್ನೂರ ಹದಿನಾಲ್ಕು ಎಂಬ ನಂಬರಿನವರು ನಲವತ್ತು ಚೀಟಿ ಕಳಿಸಿದ್ದರು, ಎಲ್ಲವೂ ನೀಟಾಗಿ ಟೈಪು ಮಾಡಿಸಿದ್ದು. ಮೊದಲನೆಯದರಲ್ಲೇ ‘ಹಣ: ಹಣ್ಣಿನಿಂದ ಬಂದದ್ದು. ಮೊದಲು ಜನ ಹಣ್ಣು ಕೊಟ್ಟು ವ್ಯಾಪಾರ ಮಾಡುತ್ತಿದ್ದರು’ ಎಂದಿತ್ತು. ಅಯ್ಯೋ ದೇವರೇ! ಪಣ ಎಂಬುದರ ಪಕಾರ ಹಕಾರವಾಗಿ ಹಣವಾಯಿತೆಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ‘ಹಣ್ಣಂಗಡಿಯಲ್ಲಿ ಕೂತು ಬರೆದಿರಾ?’ ಎಂದು ಗೀಚಿದೆ. ಬಡ್ಡಿ ಎಂಬುದು ಬಡಿಯುವುದರಿಂದ ಬಂತಂತೆ, ಸಾಲ ಕೊಟ್ಟವನು ಬಡಿದು ವಸೂಲಿ ಮಾಡುತ್ತಿದ್ದನಂತೆ. ವೃದ್ಧಿ ಸವೆದು ಬಡ್ಡಿಯಾಗಿದೆ ಎಂದು ತಿದ್ದಿ, ‘ನಿಮ್ಮನ್ನು ಯಾರು ಬಡಿದರು?’ ಎಂದು ಸೇರಿಸಿದೆ. ಸೊನ್ನೆ ಬಂದದ್ದು ‘ಸಣ್ಣ’ದಿಂದಂತೆ. ಶೂನ್ಯ ಕಣ್ರೀ, ಶೂನ್ಯ! ಗಟ್ಟಿಯಾಗಿ ಓದಿದೆ, ಪಕ್ಕದ ಮೇಜಿನವರು ಬಿದ್ದು ಬಿದ್ದು ನಕ್ಕರು. ನನಗೂ ಉಮೇದು ಹತ್ತಿತು. ಇಪ್ಪತ್ತೈದು ಚೀಟಿ ಮುಗಿಯುವಷ್ಟರಲ್ಲಿ ನಿಘಂಟು ತೆಗೆಯುವುದನ್ನೇ ಬಿಟ್ಟೆ. ಇವರ ಹಣೆಬರಹವೇ ಇಷ್ಟು ಎಂದುಕೊಂಡು ಉಳಿದ ಹದಿನೈದಕ್ಕೂ ಗೀಟೆಳೆದು, ಒಂದೊಂದಕ್ಕೂ ಒಂದೊಂದು ಕೊಂಕು ಬರೆದು ಕಳಿಸಿದೆ.

ನನ್ನ ಗಂಡ ತಕ್ಕಡಿ ರಿಪೇರಿ ಮಾಡುತ್ತಾರೆ. ಓದಿದ್ದು ಏಳನೇ ಕ್ಲಾಸು. ಮಾತು ಕಮ್ಮಿ, ಆದರೆ ಊಟಕ್ಕೆ ಕೂತಾಗ ‘ಇವತ್ತು ಯಾವ ಪದ ಬಂದಿತ್ತು?’ ಎಂದು ತಪ್ಪದೆ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಕೈ ಒಣಗುವ ತನಕ ಕೇಳುತ್ತಿದ್ದರು. ಕಳೆದ ವರ್ಷ ಯಾವಾಗಲೋ ಆ ಪ್ರಶ್ನೆ ನಿಂತುಹೋಯಿತು. ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅವರು ಕನ್ನಡಕ ಮರೆತು ಹೋಗಿದ್ದರು. ಕಚೇರಿಗೆ ಹೋಗುವ ದಾರಿಯಲ್ಲೇ ಅಂಗಡಿ, ಕೊಟ್ಟು ಹೋಗೋಣವೆಂದು ಹೊಕ್ಕೆ. ಅವರು ಟೀ ಕುಡಿಯಲು ಹೋಗಿದ್ದರು. ಗೋಡೆಯ ತುಂಬ ರಿಪೇರಿಯಾದ ತಕ್ಕಡಿಗಳು ನೇತಾಡುತ್ತಿದ್ದವು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ‘ಶುಕ್ರವಾರ ಕೊಡುವುದು.’ ‘ಎಡತಟ್ಟೆ ಭಾರ, ಉಜ್ಜಬೇಕು.’ ಫ್ಯಾನಿನ ಗಾಳಿಗೆ ಒಂದು ಚೀಟಿ ಮಗುಚಿತು. ಹಿಂದೆ ಕೆಂಪು ಶಾಯಿ, ನನ್ನದೇ ಕೈಬರಹ.

‘ನಿಮ್ಮನ್ನು ಯಾರು ಬಡಿದರು?’

ಒಂದೊಂದಾಗಿ ತಿರುಗಿಸಿದೆ. ಎಲ್ಲವೂ ಇನ್ನೂರ ಹದಿನಾಲ್ಕು. ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಇನ್ನೂ ಬಳಸದ ನಾಲ್ಕೈದು ಚೀಟಿ ಉಳಿದಿದ್ದವು. ಅಂದರೆ ಮಿಕ್ಕವು ಆಗಲೇ ತಕ್ಕಡಿಗಳ ಜೊತೆ ಪೇಟೆಯ ಅಂಗಡಿ ಅಂಗಡಿ ಸೇರಿವೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೊನೆಯಲ್ಲಿ ಕೈಗೆ ಸಿಕ್ಕಿದ್ದು ಇದು. ‘ಸಂಬಳ: ದೂರ ಹೋಗುವವರಿಗೆ ದಾರಿಗೆಂದು ಕಟ್ಟಿಕೊಡುತ್ತಿದ್ದ ಬುತ್ತಿ. ಆಮೇಲೆ ಕೆಲಸಕ್ಕೆ ಕೊಡುವ ಕೂಲಿಗೂ ಅದೇ ಹೆಸರಾಯಿತು. ಹಳೇ ಗಾಡಿ ಸಾಹುಕಾರರೊಬ್ಬರು ಹೇಳಿದ್ದು.’ ಪಕ್ಕದಲ್ಲಿ ನಾನು ಬರೆದಿದ್ದೆ: ‘ಹಸಿವಾಗಿದ್ದರೆ ಊಟ ಮಾಡಿ ಬಂದು ಬರೆಯಿರಿ.’

ಕನ್ನಡಕ ಮೇಜಿನ ಮೇಲಿಟ್ಟು, ಆ ಚೀಟಿ ಬಿಚ್ಚಿಕೊಂಡು ಕಚೇರಿಗೆ ಓಡಿದೆ. ನಿಘಂಟು ತೆಗೆದೆ. ಶಂಬಲ: ದಾರಿಯ ಬುತ್ತಿ, ಪ್ರಯಾಣದ ಖರ್ಚು. ಇನ್ನೊಂದು ನಿಘಂಟಿನಲ್ಲೂ ಅದೇ. ಅವತ್ತು ಒಂದು ಪುಟ ತಿರುವಿದ್ದರೆ ಸಿಗುತ್ತಿತ್ತು, ಪಾಪಿ ನಾನು ತಿರುವಲಿಲ್ಲ.

ಸಂಪಾದಕರು ಚೀಟಿ ನೋಡಿ ಕನ್ನಡಕ ತೆಗೆದರು. “ಹೆಸರಿನ ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ. ನಾಳೆ ಮಧ್ಯಾಹ್ನದೊಳಗೆ ಒಪ್ಪಿಗೆ ಸಹಿ ತಂದ್ರೆ ಸೇರಿಸ್ತೀನಿ. ಸಹಿ ಇಲ್ದೆ ಹೆಸರು ಹಾಕೋಕಾಗಲ್ಲಮ್ಮ” ಎಂದು ಫಾರಂ ಕೊಟ್ಟರು.

ಸಂಜೆ ಅಂಗಡಿಗೆ ಹೋದಾಗ ಅವರು ಒಂದು ಪುಟ್ಟ ತಕ್ಕಡಿಯ ಮುಳ್ಳು ಸರಿ ಮಾಡುತ್ತಿದ್ದರು. ಫಾರಂ ಮುಂದಿಟ್ಟೆ. ಬೆಳಿಗ್ಗೆ ಒಂದು ಚೀಟಿ ಕಮ್ಮಿಯಾದದ್ದು ಅವರಿಗೆ ಗೊತ್ತಾಗಿತ್ತು.

“ನೋಡಿಬಿಟ್ಯಾ” ಎಂದರು. “ಕಾಗ್ದ ದಪ್ಪ ಇತ್ತು, ಸುಮ್ನೆ ಎಸೆಯೋಕೆ ಮನಸ್ಸು ಬರ್ಲಿಲ್ಲ.”

“ನನ್ಹತ್ರ ಯಾಕೆ ಹೇಳ್ಲಿಲ್ಲ ರೀ? ಒಂದ್ ಮಾತು ಹೇಳಿದ್ರೆ...”

“ಹೇಳಿದ್ರೆ ನೀನು ಸರಿ ಮಾಡ್ಕೊಡ್ತಿದ್ದೆ. ಆಗ ಅದು ನಂದು ಹೆಂಗಾಗುತ್ತೆ? ಪುಸ್ತಕ ಬಂದ್ಮೇಲೆ ಮೊದಲ್ನೇ ಪುಟ ತೆಗೆದು ತೋರಿಸ್ಬೇಕು ಅಂತಿದ್ದೆ. ನಿನ್ನ ಕೆಲಸ ನಂಗೂ ಒಂಚೂರು ಗೊತ್ತಾಗುತ್ತೆ ಕಣೇ ಅಂತ ಹೇಳ್ಬೇಕು ಅಂತಿತ್ತು.”

ನನಗೆ ಅಳು ತಡೆಯಲಾಗಲಿಲ್ಲ. “ತಪ್ಪಾಯ್ತು ರೀ. ನಿಮ್ಮ ಸಂಬಳ ಸರಿ ಇದೆ. ನಂದೇ ತಪ್ಪು. ಸಹಿ ಹಾಕಿ, ನಾಳೆ ಹೆಸರು ಬರುತ್ತೆ. ನೀವು ಅಂತ ಗೊತ್ತಿದ್ದಿದ್ರೆ ನಾನು ಹಂಗೆ ಬರೀತಿರ್ಲಿಲ್ಲ, ನಿಮ್ಮಾಣೆ.”

ಅವರು ತಕ್ಕಡಿ ಕೆಳಗಿಟ್ಟರು. ಮೂವತ್ತು ವರ್ಷದಲ್ಲಿ ನನ್ನ ಮೇಲೆ ದನಿ ಏರಿಸಿದವರಲ್ಲ, ಆಗಲೂ ಏರಿಸಲಿಲ್ಲ.

“ಅದೇ ಕಣೇ ನಂಗೆ ತಡೆಯೋಕಾಗ್ದೆ ಇರೋದು. ನನ್ಮೇಲೆ ಸಿಟ್ಟು ಬಂದು ಬೈದಿದ್ರೆ ಬೈಸ್ಕೋತಿದ್ದೆ, ಹೊಸದೇನಲ್ಲ. ಇದು ನಂಗೆ ಬರೆದಿದ್ದಲ್ಲ. ಯಾರೋ ಕಷ್ಟಪಟ್ಟು ಟೈಪ್ ಮಾಡಿಸಿ ಕಳಿಸಿದ್ದಾರೆ, ಅವ್ರಿಗೆ ಬರೆದಿದ್ದು. ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಅವ್ರಿಗೆ ಹಿಂಗೆ ಬರ್ದು, ಮನೆಗೆ ಬಂದು ನಂಗೆ ಊಟ ಬಡಿಸಿದ್ಯಲ್ಲ.”

ಫಾರಂ ಅವರ ಕೈ ಹತ್ತಿರಕ್ಕೆ ಸರಿಸಿದೆ.

“ಸಹಿ ಹಾಕಿ” ಎಂದೆ ಮತ್ತೆ, ಮಕ್ಕಳು ಹಟ ಮಾಡುವ ಹಾಗೆ.

“ಬೇಡ. ಪದ ಬೇಕಿದ್ರೆ ಹಾಕ್ಕೊಳ್ಳಿ. ನನ್ನ ಹೆಸರು ಬೇಡ” ಎಂದು ಫಾರಂ ಮಡಚಿ ನನ್ನ ಚೀಲದೊಳಗೆ ತಾವೇ ಇಟ್ಟರು. ಮಾರನೆಯ ದಿನ ಮಧ್ಯಾಹ್ನದವರೆಗೂ ಕಾದೆ, ಮೂರು ಸಲ ಅಂಗಡಿಗೆ ಹೋಗಿ ಬಂದೆ. ಅವರು ಮನಸ್ಸು ಬದಲಿಸಲಿಲ್ಲ. ಹೆಸರಿನ ಪುಟ ಹಾಗೇ ಅಚ್ಚಿಗೆ ಹೋಯಿತು.

ಈಗಲೂ ಕೆಂಪು ಗೀಟು ಎಳೆಯುತ್ತೇನೆ. ಎರಡೂ ನಿಘಂಟು ನೋಡಿ, ಕಾರಣ ಬರೆದು, ‘ಕಳಿಸಿದ್ದಕ್ಕೆ ಕೃತಜ್ಞತೆಗಳು’ ಎಂದು ಸೇರಿಸುತ್ತೇನೆ. ಪಕ್ಕದ ಮೇಜಿನವರಿಗೆ ನಗಲು ಏನೂ ಸಿಗುವುದಿಲ್ಲ.

ಸಂಪುಟ ಬಂದ ದಿನ ಅದನ್ನು ಮನೆಗೆ ತಂದು, ಅವರು ಬರೆದ ‘ಸಂಬಳ’ ಅಚ್ಚಾಗಿದ್ದ ಪುಟ ತೆರೆದು ಅವರ ಮುಂದಿಟ್ಟೆ. ಅವರು ಕೈ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಎರಡು ಸಲ ಓದಿದರು.

“ಚೆನ್ನಾಗಿದೆ” ಎಂದರು. “ಯಾರೋ ತಿಳಿದೋರು ಬರೆದಿರ್ಬೇಕು.”