ತೇಗಿನ ಡಬ್ಬಿ

ಟಾರ್ಪಾಲಿನ ತೂತಿನಿಂದ ಬಿದ್ದ ಬಿಸಿಲು ಕಾರಿನ ಬಾನೆಟ್ಟಿನ ಮುದುರಿನಲ್ಲಿ ಒಂದು ಬಿಲ್ಲೆಯಷ್ಟು ನಿಂತಿದೆ, ಕೈ ಒಡ್ಡಿದರೆ ಬೆಚ್ಚಗೆ, ಇಂಜಿನ್ ಈಗಷ್ಟೇ ಆಫ್ ಮಾಡಿದ ಹಾಗೆ — ಇಲ್ಲ, ಅದು ಅತ್ತಿಗೆ ತೀರಿಹೋದ ದಿನವೇ ತಣ್ಣಗಾಯಿತು, ಬೆಚ್ಚಗಿರುವುದು ಬಿಸಿಲು ಅಷ್ಟೇ. ಅಪ್ಪ ಊಟ ಮಾಡಿ ಒಳಗೆ ಮಲಗಿದ್ದಾರೆ, ಗೊರಕೆ ಇಲ್ಲ, ಅಂದರೆ ನಿದ್ದೆಯೂ ಇಲ್ಲ, ಗೋಡೆ ನೋಡುತ್ತಿರುತ್ತಾರೆ, ಇಲ್ಲಿ ವರ್ಕ್‌ಶಾಪಿನಲ್ಲಿ ಒಂದು ನಟ್ಟು ಬಿದ್ದರೂ ಅವರಿಗೆ ಕೇಳುತ್ತದೆ, ಅದಕ್ಕೇ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದೆ, ಸಿಮೆಂಟು ನೆಲದ ಗ್ರೀಸು ಅಂಗಾಲಿಗೆ ಅಂಟುತ್ತಿದೆ. ಆ ಗಾಡೀನ ಯಾರೂ ಮುಟ್ಟಬೇಡಿ, ನಾಳೆ ಗುಜರಿಯವನು ಬಂದು ಎತ್ಕೊಂಡು ಹೋಗ್ತಾನೆ, ಅಲ್ಲಿಗೆ ಮುಗೀತು, ಎಂದಿದ್ದಾರೆ. ಮುಗಿಯುವುದಿಲ್ಲ ಅಪ್ಪ, ಮಹಡಿ ಮೇಲೆ ಅಣ್ಣ ಕಾಯುತ್ತಿದ್ದಾನೆ, ಮೂಳೆ ಕೂಡಿದೆ, ಪ್ಲಾಸ್ಟರ್ ಕತ್ತರಿಸಿ ಆಯಿತು, ಹೀಗೇ ಮಲಗಿದ್ರೆ ಕಾಲು ಮರಗಟ್ಟುತ್ತೆ ಕಣಯ್ಯ ಎಂದು ಡಾಕ್ಟರು ಬೈದರೂ ಅಣ್ಣ ಕಾಲನ್ನು ನೆಲಕ್ಕೆ ತಾಗಿಸಲಿಲ್ಲ. ನಿನ್ನೆ ದಿಂಬು ಸರಿ ಮಾಡಲು ಬಗ್ಗಿದಾಗ ನನ್ನ ಮಣಿಕಟ್ಟು ಹಿಡಿದ, ಗೂಬೆ, ಇಲ್ಲಿ ಕೇಳು, ನಿಮ್ಮತ್ತಿಗೆ ಕಾರಿನ ಕನ್ನಡಿ ತನ್ನ ಕಡೆ ತಿರುಗಿಸ್ಕೊಂಡು ಕೂದಲಿಗೆ ಕ್ಲಿಪ್ ಹಾಕ್ಕೋತಾ ಇದ್ಲು, ಅಷ್ಟೇ ನೆನಪು, ಆಮೇಲೆ ಆಸ್ಪತ್ರೆ ಸೀಲಿಂಗು, ನಾನು ಆಕ್ಸಿಲರೇಟರ್ ತುಳಿದಿದ್ನಾ, ಇಲ್ಲ ಮೆಲ್ಲಗೇ ಹೋಗ್ತಿದ್ನಾ, ಯಾರನ್ನ ಕೇಳ್ಲಿ, ಹೋಗಿ ಆ ಡಬ್ಬಿ ಬಿಚ್ಚಿ ನೋಡು, ಎಣ್ಣೆ ಗೆರೆಗಿಂತ ಮೇಲೋ ಕೆಳಗೋ, ಕೆಳಗಿದ್ರೆ ಆ ಕ್ಷಣಾನೇ ಕಾಲೂರ್ತೀನಿ. ಮೇಲಿದ್ದರೆ? ಅವನು ಆಗಲೇ ಮುಖ ಗೋಡೆಗೆ ತಿರುಗಿಸಿದ್ದ, ಅಪ್ಪನಿಗೊಂದು ಗೋಡೆ, ಅಣ್ಣನಿಗೊಂದು ಗೋಡೆ, ನಡುವೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಇಳಿಯುವ ನಾನು.

ಅತ್ತಿಗೆ ಕೂರುತ್ತಿದ್ದ ಕಡೆ ಕಾರು ಕಾಗದದ ಹಾಗೆ ಮುದುಡಿದೆ, ಆ ಕಡೆ ನೋಡಬಾರದು, ಈ ಕಡೆ ಎಲ್ಲ ಇದ್ದಲ್ಲೇ ಇದೆ, ಇಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರಿನ ಬೆಲ್ಟು ಕೂಡ, ಅದರ ಪಕ್ಕದಲ್ಲಿ ಡಬ್ಬಿ, ಒಂದು ಲೋಟದಷ್ಟು ಅಲ್ಯೂಮಿನಿಯಂ ಡಬ್ಬಿ, ಮೇಲೆ ಎರಡು ರಬ್ಬರ್ ಪೈಪು, ಅಡಿಯಲ್ಲಿ ಗಿಣಿಮೂಗಿನಷ್ಟು ನಲ್ಲಿ. ಕ್ಯಾಚ್ ಕ್ಯಾನ್ ಎನ್ನುತ್ತಾರೆ ಅಪ್ಪ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತಿಗೆ ಸೊಂಟಕ್ಕೆ ಕೈ ಇಟ್ಟು ಇದೇನು ಮಾವ ಇದು ಎಂದು ಕೇಳಿದ್ದಳು, ಇಂಜಿನ್ನಿಗೆ ಗಾಳಿ ಒತ್ತಿ ತುಂಬ್ತೀವಲ್ಲಮ್ಮ, ಒತ್ತಡಕ್ಕೆ ಸ್ವಲ್ಪ ಪಿಸ್ಟನ್ ಸಂದೀಲಿ ಕೆಳಗೆ ನುಸುಳುತ್ತೆ, ಎಣ್ಣೆ ಆವಿ ಹೊತ್ಕೊಂಡು ಮೇಲಕ್ಕೆ ಬರುತ್ತೆ, ಅದೇ ಆವಿ ತಿರುಗಿ ಇಂಜಿನ್ ಮೂಗಿಗೆ ಹೋದ್ರೆ ಒಳಗೆಲ್ಲ ಜಿಡ್ಡು, ಇದು ದಾರೀಲೇ ಹಿಡ್ಕೊಳ್ಳುತ್ತೆ. ಅಂದ್ರೆ ತೇಗು ಅನ್ನಿ ಮಾವ, ಹೊಟ್ಟೆ ಬಿರಿಯ ತಿಂದೋರಿಗೆ ಬರೋ ತೇಗು, ನಿಮ್ಮ ಮಗನಿಗೂ ಒಂದು ಡಬ್ಬಿ ಕಟ್ಟಿ. ಅಪ್ಪ ನಕ್ಕಿದ್ದರು, ಅಪ್ಪ ನಗುವುದನ್ನು ಎಷ್ಟೋ ವರ್ಷದ ಮೇಲೆ ನೋಡಿದ್ದೆ, ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ತೇಗಿನ ಡಬ್ಬಿ ಎಂದೇ ಹೆಸರು, ಅದನ್ನು ಖಾಲಿ ಮಾಡುವುದು ನನ್ನ ಕೆಲಸ. ಓದು ಬಿಟ್ಟವಳಿಗೆ ಇನ್ನೇನು ಕೆಲಸ ಎಂದು ಅಣ್ಣ ರೇಗಿಸುತ್ತಿದ್ದ, ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ, ಹಿಂದಿನ ಬೆಂಚಿನ ಕಿಸಿಕಿಸಿ ಬೆನ್ನಿಗೆ ಹತ್ತುತ್ತಿತ್ತು, ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲಾ ನೋಡುತ್ತೆ, ಒಂದೂ ಮಾತಾಡಲ್ಲ, ನಮ್ಮ ಗೂಬೆ, ಎನ್ನುತ್ತಿದ್ದ ಅಣ್ಣ. ಗೂಬೆ ಅಂತೆ, ಕಣ್ಣಿರೋರನ್ನ ಕಂಡ್ರೆ ಕುರುಡರಿಗೆ ಹೊಟ್ಟೆಕಿಚ್ಚು, ನೀನು ಬಾರೆ ಪುಟ್ಟಿ, ಎಂದು ಅತ್ತಿಗೆ ತನ್ನ ಖಾಲಿ ಕ್ರೀಮಿನ ಗಾಜಿನ ಶೀಶೆ ತೊಳೆದು ತಂದಳು, ಅದರ ಸೊಂಟಕ್ಕೆ ಉಗುರಿನ ಬಣ್ಣದಿಂದ ಕೆಂಪು ಗೆರೆ ಎಳೆದಳು, ನಾಲಿಗೆ ತುದಿ ಕಚ್ಚಿಕೊಂಡು, ರಂಗು ಒಣಗಲೆಂದು ಉಫ್ ಉಫ್ ಎಂದು ಊದುತ್ತ — ಮೆಲ್ಲಗೆ ಓಡಿಸಿದ್ರೆ ವಾರಕ್ಕೂ ಇಷ್ಟು ಬರಲ್ಲ ಅಂತಾರೆ ಮಾವ, ಎಣ್ಣೆ ಈ ಗೆರೆ ದಾಟ್ತು ಅಂದ್ರೆ ನಿಮ್ಮಣ್ಣ ತುಳಿದಿದಾನೆ ಅಂತ ಲೆಕ್ಕ, ಕಿವಿ ಹಿಂಡೋದು ನನ್ನ ಪಾಲು, ತೋರಿಸೋದು ನಿನ್ನ ಪಾಲು. ಮಾತಾಡಬೇಕಾಗಿಲ್ಲ, ತೋರಿಸಿದರೆ ಸಾಕು. ಹಾಗೆ ಹೇಳಿದವಳೇ ಕಾರಿನಲ್ಲಿ ಕೂತರೆ ಬೇರೆಯವಳು, ರೀ ಒಂದೇ ಒಂದ್ಸಲ ಒತ್ರೀ, ಆ ಶಿಳ್ಳೆ ಕೇಳ್ಬೇಕು, ಸೂಪರ್‌ಚಾರ್ಜರ್ ಊಳಿಡುತ್ತ ಏರುವಾಗ ಹಿಂದಿನ ಸೀಟಿನಲ್ಲಿ ನಾನು ಬಾಗಿಲ ಹಿಡಿಕೆ ಬಿಗಿಹಿಡಿಯುತ್ತಿದ್ದೆ, ಅವಳು ಮಾತ್ರ ಕುಣಿಯುವ ಮಗುವಿನ ಹಾಗೆ. ಅಪಘಾತದ ಆ ಬೆಳಿಗ್ಗೆಯೂ ನಲ್ಲಿ ತಿರುಗಿಸಿದ್ದು ನಾನು, ಶೀಶೆ ಹಿಡಿದದ್ದು ಅವಳು, ಪೂರ್ತಿ ಖಾಲಿಯಾಗಿತ್ತು ಡಬ್ಬಿ, ಆದ್ದರಿಂದ ಈಗ ಒಳಗಿರುವುದೆಲ್ಲ ಆ ಒಂದು ದಾರಿಯದು, ಗೇಟಿನಿಂದ ಕಾರು ಗುದ್ದಿದ ಸೇತುವೆಯ ಕಟ್ಟೆಯವರೆಗೆ. ಬಿಳಿ ಬಟ್ಟೆಯ ಹೊರಗೆ ಬಂದಿದ್ದ ಅವಳ ಕೈ, ಉಗುರಿಗೆ ಅದೇ ಕೆಂಪು, ಹೆಬ್ಬೆರಳಿನಲ್ಲಿ ಮಾತ್ರ ಚೂರು ಕಿತ್ತುಹೋಗಿತ್ತು, ಹಚ್ಚೋಣವೇ ಎಂದು ನನಗೆ ಅನ್ನಿಸಿತ್ತು, ಎಂಥ ಹುಚ್ಚು.

ಮೇಲೆ ಅಣ್ಣ ಚಮಚದಿಂದ ಮಂಚದ ಕಬ್ಬಿಣ ತಟ್ಟುತ್ತಿದ್ದಾನೆ, ಟಿಕ್ ಟಿಕ್, ಬಂದೆ ಇರು, ಬೆರಳ ಗೆಣ್ಣಿನಿಂದ ಡಬ್ಬಿಯನ್ನು ತಟ್ಟಿ ನೋಡಬಹುದು, ಖಾಲಿಯಾದರೆ ಠಣ್ ಎನ್ನುತ್ತದೆ, ತುಂಬಿದ್ದರೆ ಮಂಕು ಸದ್ದು, ಬೇಡ, ತಟ್ಟುವುದಿಲ್ಲ, ಶೀಶೆಯನ್ನೇ ಒಡ್ಡುತ್ತೇನೆ, ನಲ್ಲಿ ಬಿಗಿಯಾಗಿದೆ, ಸೆರಗಿನ ಚುಂಗು ಸುತ್ತಿ ತಿರುಗಿಸಿದೆ, ಏನೂ ಇಲ್ಲ, ಏನೂ ಇಲ್ಲ ದೇವರೇ, ಖಾಲಿ — ಆಮೇಲೆ ಬಂತು, ಕಂದು ನೊರೆ ಮೊದಲು, ಹಿಂದೆಯೇ ಕಪ್ಪು, ದಾರದಂತೆ, ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು, ತುಳಿದ ಇಂಜಿನ್ನಿನ ವಾಸನೆ ಇದು, ನನಗೆ ಗೊತ್ತು. ಟೋಯಿಂಗಿನವರು ಕಾರಿನ ಮೂತಿ ಎತ್ತಿ ಎಳೆದು ತಂದರಲ್ಲ, ಆಗ ಇಂಜಿನ್ ಎಣ್ಣೆ ಇಳಿದು ಬಂದಿರಬಹುದು ಎನ್ನಲೇ, ನಂಬುತ್ತಾನೆಯೇ, ಮೂಸಿದರೆ ಅವನಿಗೂ ಗೊತ್ತಾಗುತ್ತದೆ, ಮೂಸಲು ಕೊಡದಿದ್ದರೆ? ನಿಂಗೆ ಸುಳ್ಳು ಹೇಳೋಕೆ ಬರಲ್ಲ ಗೂಬೆ, ಅದಕ್ಕೇ ನಿನ್ನ ಕೇಳ್ತಿರೋದು, ಎಂದಿದ್ದ ನಿನ್ನೆ. ಬರುವುದಿಲ್ಲ, ನಿಜ ಹೇಳಲೂ ಬರುವುದಿಲ್ಲ, ತೋರಿಸಲಿಕ್ಕೆ ಮಾತ್ರ ಬರುತ್ತದೆ. ಏರುತ್ತಿದೆ, ಗಾಜಿನ ಗೋಡೆ ಹಿಡಿದು ಮೆಲ್ಲಗೆ, ಗೆರೆಯ ಕಡೆ, ಒತ್ರೀ ಎಂದದ್ದು ಅವಳೇ ಇರಬಹುದು, ಅಲ್ಲದಿರಲೂಬಹುದು, ಅದನ್ನು ಯಾವ ಡಬ್ಬಿಯೂ ಹಿಡಿದಿಡಲಿಲ್ಲ, ಗೆರೆಗೆ ಇನ್ನು ಎರಡು ಬೆರಳು ಇದೆ, ಒಂದೂವರೆ, ಒಂದು — ನಲ್ಲಿ ಮುಚ್ಚಿದೆ. ನಾನೇ ಮುಚ್ಚಿದೆ. ಕೈ ಇನ್ನೂ ನಲ್ಲಿಯ ಮೇಲೇ ಇದೆ. ಗೆಣ್ಣು ಡಬ್ಬಿಗೆ ತಗುಲಿತು, ತಟ್ಟಬೇಕೆಂದು ತಟ್ಟಿದ್ದಲ್ಲ, ಮಂಕು ಸದ್ದು, ಒಳಗೆ ಇನ್ನೂ ಇದೆ. ಟಿಕ್ ಟಿಕ್, ಬಂದೆ ಅಣ್ಣ, ಮೂಸಬೇಡ, ನೋಡು ಅಷ್ಟೇ, ಕಾಲೂರು, ಬಾಗಿಲಲ್ಲೇ ನಿಂತು ಎತ್ತಿ ಹಿಡಿಯುತ್ತೇನೆ, ಗೆರೆಯ ಕೆಳಗೆ ಕಪ್ಪು, ಗೆರೆಯ ಮೇಲೆ ಬರೀ ಗಾಜು, ನಲ್ಲಿಯ ಬಾಯಲ್ಲಿ ಒಂದು ಹನಿ ಊದಿಕೊಂಡು ನೇತಾಡುತ್ತಿದೆ, ಬೀಳುತ್ತಿಲ್ಲ, ಕೆಂಪು ಗೆರೆ, ಅದರ ತುದಿಯಲ್ಲಿ ಅವಳು ಉಫ್ ಎಂದು ಊದಿದ್ದಕ್ಕೆ ರಂಗು ಸ್ವಲ್ಪ ಹರಡಿದೆ, ಗೆರೆ, ಅದರ ಮೇಲೆ ಖಾಲಿ ಗಾಜು, ಹನಿ,