ಇಲಿಗಳಿಗೆ ಕೊಟ್ಟ ಸೊಪ್ಪು

ದೊಡ್ಡಪ್ಪನ ಕ್ಷೌರದಂಗಡಿಗೆ ಜನ ಬರುತ್ತಿದ್ದುದು ಕತೆಗಾಗಿ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಕತೆ. ಕತ್ತರಿ ಆಡತೊಡಗಿದಾಗ ಕತೆ ಶುರು, ಕುತ್ತಿಗೆಯ ಬಟ್ಟೆ ಬಿಚ್ಚಿದ ಕೂಡಲೇ ಬಂದ್. ಮುಂದಿನದು ಮತ್ತೆ ಕೂದಲು ಬೆಳೆದ ಮೇಲೆ. ಎಲ್ಲವೂ ಶುದ್ಧ ಸುಳ್ಳು. ಆದರೆ ಯಾರ ಕತೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಬೇಕರಿಯವನ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿರಲಿಲ್ಲ, ಆದರೂ ತಪ್ಪದೆ ಬರುತ್ತಿದ್ದ. ಅವನ ಕತೆಯ ಕಳ್ಳ ಬಾವಿಗೆ ಇಳಿದು ಕೂತಿದ್ದ.

ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂದಲು ಗುಡಿಸಿಕೊಂಡು, ಟವೆಲ್ ಒಗೆದುಕೊಂಡು ಇದ್ದೆ. ಬಾಯಿ ಬಿಡಬೇಕಿಲ್ಲದ ಕೆಲಸ, ನನಗೆ ಹೇಳಿ ಮಾಡಿಸಿದಂತಿತ್ತು.

ಕಳ್ಳ ಬಾವಿಯಲ್ಲಿದ್ದಾಗಲೇ ದೊಡ್ಡಪ್ಪನ ಮೆದುಳಿನಲ್ಲಿ ಗಡ್ಡೆ ಸಿಕ್ಕಿತು. ವಿಕಿರಣ ಕೊಡಬೇಕು, ಆಮೇಲೆ ನೆನಪು ಸ್ವಲ್ಪ ಮಂದವಾದರೂ ಆಗಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದರು. ಗಡ್ಡೆಗೆ ಹೆದರದ ದೊಡ್ಡಪ್ಪ ಈ ಮಾತಿಗೆ ಬಿಳಿಚಿಕೊಂಡ. ಕತೆ ಮರೆತರೆ ತಾನು ಬರೀ ಕೂದಲು ಕತ್ತರಿಸುವವನಾಗಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಗೊಣಗಿದ.

ದೊಡ್ಡಮ್ಮ ಸುಮ್ಮನೆ ಕೂರುವವಳಲ್ಲ. ಗಿರಾಕಿಗಳು ಓದಲೆಂದು ಅಂಗಡಿಯಲ್ಲಿಟ್ಟಿದ್ದ ಹಳೆಯ ವಾರಪತ್ರಿಕೆಯಲ್ಲಿ ಅವಳಿಗೊಂದು ಸುದ್ದಿ ಸಿಕ್ಕಿತು. ಯಾರೋ ವಿಜ್ಞಾನಿಗಳು ಇಲಿಗಳಿಗೆ ಒಂದೆಲಗದ ರಸ ಕುಡಿಸಿ, ಆಮೇಲೆ ವಿಕಿರಣ ಕೊಟ್ಟಿದ್ದರಂತೆ. ಆ ಇಲಿಗಳು ದಾರಿ ಮರೆಯಲಿಲ್ಲವಂತೆ.

“ಇಲಿಗೆ ಆಗೋದು ಇವರಿಗೆ ಆಗಲ್ವಾ? ಇಬ್ರೂ ಅಡುಗೆಮನೇಲಿ ಕದ್ದು ತಿನ್ನೋರೇ,” ಎಂದಳು.

ಒಡೆದ ಬಟ್ಟಲು, ಖಾಲಿ ಡಬ್ಬಿ, ಕೊನೆಗೆ ದೊಡ್ಡಪ್ಪ ಬ್ರಷ್ ಅದ್ದುವ ಮಗ್ಗಿನಲ್ಲೂ ಒಂದೆಲಗ ಚಿಗುರಿತು. ಬೆಳಿಗ್ಗೆ ಸಂಜೆ ಲೋಟ ತುಂಬ ರಸ. ಒಳಗಿನಿಂದ ಮಾತ್ರ ಸಾಲದೆಂದು, ಚಿಕಿತ್ಸೆಗೆಂದು ನುಣ್ಣಗೆ ಬೋಳಿಸಿದ ಅವನ ತಲೆಗೂ ಅರೆದು ಮೆತ್ತತೊಡಗಿದಳು.

ಆಸ್ಪತ್ರೆಯಲ್ಲಿ ಅವನ ಮುಖಕ್ಕೊಂದು ಮುಖವಾಡ ಮಾಡಿಸಿದ್ದರು. ತಲೆ ಅಲುಗದಂತೆ ಮಲಗಿಸಿ ಹಲಗೆಗೆ ಬಿಗಿಯುವ ಪ್ಲಾಸ್ಟಿಕ್ ಬಲೆ, ಚರ್ಮಕ್ಕೆ ಅಂಟಿದಂತೆ ಕೂರುತ್ತಿತ್ತು. ಊರಿನವರ ತಲೆಯನ್ನೆಲ್ಲ ಹಿಡಿದು ತಿರುಗಿಸಿದ್ದಕ್ಕೆ ದೇವರು ಈಗ ತನ್ನ ತಲೆ ಹಿಡಿದಿದ್ದಾನೆ ಎಂದು ದೊಡ್ಡಪ್ಪ ನಗುತ್ತಿದ್ದ.

ಒಂದು ಬೆಳಿಗ್ಗೆ ಮುಖವಾಡ ಕೂರಲೇ ಇಲ್ಲ. ಯಂತ್ರ ನೋಡಿಕೊಳ್ಳುವವನು ಒತ್ತಿದ, ತಿರುಗಿಸಿದ, ದೊಡ್ಡಪ್ಪ ಹಾಕಿಕೊಂಡಿದ್ದ ತೆಳು ಟೊಪ್ಪಿಗೆ ತೆಗೆದು ನೋಡಿದ. ಹಿಂದಲೆಯಲ್ಲಿ ಸೊಪ್ಪು ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಇಲ್ಲಿ ಪಾಚಿ ಕಟ್ಟಿದೆಯಲ್ಲ ಎನ್ನುತ್ತ ಡಾಕ್ಟರಮ್ಮನನ್ನು ಕರೆದ. ಹೊರಗೆ ಕೂತಿದ್ದ ನನ್ನನ್ನೂ ಕರೆದರು.

ತಲೆಗೆ ಮಾತ್ರವೋ, ಹೊಟ್ಟೆಗೂ ಹೋಗುತ್ತಿದೆಯೋ ಎಂದು ಅವರು ಕೇಳಿದರು. ಹೊಟ್ಟೆಗೆ ಒಂದು ಹನಿಯೂ ಇಲ್ಲ ಎಂದ ದೊಡ್ಡಪ್ಪ, ಕತೆ ಹೇಳುವ ಅದೇ ದನಿಯಲ್ಲಿ. ಆ ದನಿ ನನಗೆ ಗೊತ್ತಿತ್ತು.

“ಕುಡೀತಾರೆ,” ಎಂದೆ. “ದಿನಾ. ಎರಡು ಹೊತ್ತು. ಒಂದೆಲಗದ ರಸ, ಇಲಿಗಳಿಗೆ ಕೊಟ್ಟಿದ್ರಂತಲ್ಲ, ಅದು.”

ದೊಡ್ಡಪ್ಪ ನನ್ನ ಕಡೆ ತಿರುಗಿದ. “ಇಷ್ಟು ವರ್ಷ ಮೂಗಿ ಥರ ಇದ್ದು, ಬಾಯಿ ಬಿಡೋಕೆ ಇವತ್ತೇ ಸಿಕ್ತಾ ನಿಂಗೆ?”

ಡಾಕ್ಟರಮ್ಮ ಬೈಯಲಿಲ್ಲ. ಇಲಿಗಳ ವಿಷಯ ತಮಗೂ ಗೊತ್ತು, ಆದರೆ ಮನುಷ್ಯರ ಮಾತು ಬೇರೆ ಎಂದರು. ಆಮೇಲೆ ದೊಡ್ಡಪ್ಪನ ಪಕ್ಕ ಕೂತರು.

“ನೋಡಿ, ಆ ಸೊಪ್ಪಿಗೆ ನಿಮ್ಮ ಮೆದುಳು ಯಾವುದು, ಗಡ್ಡೆ ಯಾವುದು ಅಂತ ಗೊತ್ತಾಗುತ್ತಾ? ಕಾಪಾಡೋಕೆ ಹೊರಟ್ರೆ ಎರಡನ್ನೂ ಕಾಪಾಡಿಬಿಡಬಹುದು. ಇದು ಮುಗಿಯೋವರೆಗೂ ಬೇಡ.”

ತಲೆ ತೊಳೆಸಿಕೊಂಡು ದೊಡ್ಡಪ್ಪ ಒಳಗೆ ಹೋದ. ಮುಖವಾಡ ಕೂತಿತು. ನಾವು ಮನೆಗೆ ಬಂದು ವಿಷಯ ಹೇಳಿದ ಮೇಲೆ ದೊಡ್ಡಮ್ಮ ಗಿಡ ಕಿತ್ತು ಅವನ ಮಗ್ಗನ್ನು ತೊಳೆದಿಟ್ಟಳು. ಉಳಿದ ಗಿಡಗಳಿಗೆ ಮಾತ್ರ ನೀರು ಹಾಕುವುದನ್ನು ಬಿಡಲಿಲ್ಲ.

ಚಿಕಿತ್ಸೆ ಮುಗಿಯಿತು. ಗಡ್ಡೆ ಕುಗ್ಗಿದೆ ಎಂದರು. ಮತ್ತೆ ಅಂಗಡಿ ತೆರೆದ ದಿನ ಮೊದಲು ಬಂದವನು ಬೇಕರಿಯವನೇ. ದೊಡ್ಡಮ್ಮ ಪರದೆಯ ಹಿಂದೆ ನಿಂತಳು. ದೊಡ್ಡಪ್ಪ ಬಟ್ಟೆ ಹೊದಿಸಿದ, ಕತ್ತರಿ ಎತ್ತಿದ.

ಕತ್ತರಿ ಗಾಳಿಯಲ್ಲೇ ಸುಮ್ಮನೆ ಕಚಕಚ ಎಂದಿತು. ಬೇಕರಿಯವನು ಕನ್ನಡಿಯಲ್ಲಿ ನೋಡುತ್ತ ಕಾಯುತ್ತಿದ್ದ. ದೊಡ್ಡಪ್ಪ ಅವನ ತಲೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಅಲ್ಲೆಲ್ಲೋ ಕತೆ ಬಿದ್ದುಹೋಗಿದೆ ಎಂಬಂತೆ. ದೊಡ್ಡಪ್ಪನ ಕುತ್ತಿಗೆಯ ಮೇಲೆ ಬೆವರು ಮೂಡಿದ್ದು ನನಗೆ ಕಾಣಿಸಿತು. ನಾನು ಪೊರಕೆ ಗೋಡೆಗೆ ಒರಗಿಸಿದೆ.

“ಕಳ್ಳ ಬಾವೀಲಿದ್ದ,” ಎಂದೆ. “ಮೇಲೆ ಯಾರೋ ಹಗ್ಗ ಎಳ್ಕೊಂಡ್ರು.”

ಕನ್ನಡಿಯಲ್ಲಿ ದೊಡ್ಡಪ್ಪ ನನ್ನನ್ನು ನೋಡಿದ. “ಎಳ್ಕೊಂಡಿದ್ದು ಯಾರು?”

“ನೀವು ಹೇಳಿಲ್ಲ.”

“ಹಾಗಾದ್ರೆ ಅವನ ಹೆಂಡತಿನೇ,” ಎಂದ. ಕತ್ತರಿ ಕೂದಲಿಗೆ ಇಳಿಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ ಹಸಿರು ರಸದ ಲೋಟವನ್ನು ನನ್ನ ಮುಂದೆ ಕುಕ್ಕಿದಳು. ಗಡ್ಡೆ ಇರುವುದು ದೊಡ್ಡಪ್ಪನಿಗಲ್ಲವೇ ಎಂದು ಕೇಳಿದೆ.

“ಕತೆ ಈಗ ನಿನ್ನ ತಲೇಲಿದೆ,” ಎಂದಳು. “ಕುಡಿ, ಇಲಿ.”

ಎದುರು ಕೂತಿದ್ದ ದೊಡ್ಡಪ್ಪ, ಮೂಗು ಹಿಡಿದುಕೊಂಡರೆ ಬೇಗ ಇಳಿಯುತ್ತದೆ ಎಂದು ಹೇಳಿಕೊಟ್ಟ.