ಹೀ ಅಂದರೆ ಯಾರು

ಟಾಂಗಾದ ಕುದುರೆಯ ಬಾಲ ಆಚೆಗೊಮ್ಮೆ ಈಚೆಗೊಮ್ಮೆ, ನೊಣ ಮಾತ್ರ ಕೂತಲ್ಲೇ, ಪುಣೆಯ ನೊಣಗಳಿಗೂ ಪೇಶವೆಯರ ಸೊಕ್ಕು ಎಂದು ನಗಿಸಬೇಕೆಂದು ರುದ್ರವ್ವ ಬಾಯಿ ತೆರೆದಳು, ಪಕ್ಕದಲ್ಲಿ ಕೂತ ಅಣ್ಣನ ಸೊಸೆ ನಾಗವ್ವನ ಮುಖ ನೋಡಿ ಮುಚ್ಚಿದಳು — ತೆರೆಯುವುದು, ಮುಚ್ಚುವುದು, ಈಗ ತಾನೇ ದವಾಖಾನೆಯಲ್ಲೂ ಹಾಗೇ ಅಲ್ಲವೇ, ದೊರೆಸಾನಿಯ ಮೇಜಿನ ಮುಂದೆ ಈ ಹುಡುಗಿಯ ತುಟಿ ತೆರೆದವು, ಗಂಡನ ಹೆಸರು ಹಲ್ಲಿನ ತನಕ ಬಂದಿತ್ತು, ಬೆಂಚಿನಿಂದ ಕಾಣುತ್ತಿತ್ತು, ಮುಚ್ಚಿಕೊಂಡವು. ನರ್ಸ್ ಕಲಿಕೆಗೆ ಸೇರಿಸಿಕೊಳ್ಳುವ ದಿನ ಇದೊಂದೇ, ಆಗದಿದ್ದರೆ ಬೆಳಗಾವಿಗೆ ಬಂದು ಒಲೆ ಮುಂದ ಕೂಡು ಎಂದು ಅಣ್ಣ ಹೇಳಿಬಿಟ್ಟಿದ್ದಾನೆ, ಅವನ ಮಾತು ಕಲ್ಲು. ಮಳೆಗಾಲವಿಡೀ ಈ ಹುಡುಗಿ ರೊಟ್ಟಿ ಬಡಿಯುತ್ತ ಇಂಗ್ಲಿಷ್ ಬಡಿದಳು, ಐ ಅಂದರೆ ಹಿಟ್ಟಿನ ಬೆರಳು ತನ್ನೆದೆಗೆ, ಯೂ ಅಂದರೆ ಅತ್ತೆ ರುದ್ರವ್ವನ ಮೂಗಿಗೆ, ಹೀ ಅಂದರೆ ಬಾಗಿಲಿಗೆ, ಬಾಗಿಲಲ್ಲಿ ಯಾರೂ ಇಲ್ಲ, ಗಂಡ ಈರಬಸಪ್ಪ ದೇಹೂ ರೋಡಿನ ಫೌಜಿನ ಡಿಪೋದಲ್ಲಿ ಮದ್ದುಗುಂಡಿನ ಪೆಟ್ಟಿಗೆಗಳ ನಡುವೆ ಗುಮಾಸ್ತ, ರವಿವಾರ ಬಂದರೆ ಬಂದ. ಯೂ ಅಂದರ ಲಾಟಸಾಹೇಬಗೂ ಅದ, ಕಸಾ ಹೊಡ್ಯಾಕಿಗೂ ಅದ ಏನ, ಭಾಳ ಬಡವರ ಭಾಷಾ ಬಿಡವಾ, ನಾವು ನೀ, ನೀವು, ತಾವು ಅಂತ ಮಂದೀನ್ನ ತೂಗಿ ಕೊಡತೀವಿ. ಹೌದ್ರಿ ಅತ್ತಿ, ಹೀ ಅಂತೂ ಗಂಡಗೂ ಅದ, ಕಾಯಿಪಲ್ಲೆ ಮಾರಾವಗೂ ಅದ. ಹಂಗಾರ ನಾವೆಲ್ಲ ಹುಟ್ಟಾ ಇಂಗ್ಲಿಷಿನವರ, ಗಂಡಂದಿರನ್ನ ಅವರು ಇವರು ಅಂತ್ಲೇ ಸಂಸಾರ ಮುಗಿಸೇವಿ — ಹತ್ತು ಸಂಸಾರಗಳ ವಾಡೆಯ ನಳದ ಹತ್ತಿರ ಹೆಂಗಸರು ಕೊಡ ಬಿಟ್ಟು ನಕ್ಕರು, ಇಡೀ ಪುಣೆಯೇ ನಕ್ಕಂತೆ ಕೇಳಿಸಿತು ರುದ್ರವ್ವನಿಗೆ, ನಕ್ಕರೆ ಇನ್ನಷ್ಟು ನಗಿಸಬೇಕು, ಅದಕ್ಕೇ ಅಂದದ್ದು, ಗಂಡನ ಹೆಸರ ಎತ್ತೀರಿ ಹುಷಾರ, ನಾ ಒಮ್ಮೆ ಹಿತ್ತಲದಾಗ ಆಡಿಗೆ ಅವರ ಹೆಸರ ಹಿಡದ ಕರದೆ, ಸಂಜಿ ದೀಪಾ ಹಚ್ಚೂದರಾಗ ಮಲಗಿದವರು ಏಳಲಿಲ್ಲ, ಆಡು ಮಾತ್ರ ಮೇಯಕೋತ ನಿಂತಿತ್ತು. ಎಲ್ಲರೂ ಮತ್ತೆ ನಕ್ಕರು, ನಾಗವ್ವ ನಗಲಿಲ್ಲ, ಅದನ್ನೂ ನೋಡಿದ್ದಳು ರುದ್ರವ್ವ, ನೋಡಿ ಕೊಡ ಎತ್ತಿಕೊಂಡಿದ್ದಳು.

ಆಡೂ ಇರಲಿಲ್ಲ, ಹಿತ್ತಲವೂ ಇರಲಿಲ್ಲ, ಬಾಳಿದಷ್ಟು ಕಾಲ ಕನಸಿನಲ್ಲೂ ಅವರ ಹೆಸರೆತ್ತಲಿಲ್ಲ, ಆದರೂ ಹೋದರು, ಜ್ವರಕ್ಕೆ ಹೆಸರು ಗಿಸರು ಏನು ಗೊತ್ತು. ದವಾಖಾನೆಯ ದೊರೆಸಾನಿ ಒಳ್ಳೆಯವಳೇ, ಕೇಳಿದ್ದಕ್ಕೆಲ್ಲ ಹುಡುಗಿ ಪಟಪಟ ಹೇಳುತ್ತಿದ್ದಾಳೆ, ಹೀ ವರ್ಕ್ಸ್ ಇನ್ ದೇಹೂ ರೋಡ್, ರುದ್ರವ್ವನ ಎದೆ ಮಾಳಿಗೆ ಮುಟ್ಟುವಷ್ಟು ಉಬ್ಬಿದೆ, ಹೀ ಅಂದರೆ ಯಾರು, ಅವನ ಹೆಸರು ಹಾಕಿ ಹೇಳು ಎಂದು ದೊರೆಸಾನಿ ಹರಕು ಮರಾಠಿಯಲ್ಲಿ ಕೇಳಿದಾಗ ನಾಗವ್ವ ಬೆಂಚಿನ ಕಡೆ ತಿರುಗಿದಳು, ಅತ್ತೆಯ ಕಣ್ಣನ್ನಲ್ಲ, ಕುಂಕುಮವಿಲ್ಲದ ಹಣೆಯನ್ನು ನೋಡಿದಳು, ತುಟಿ ತೆರೆದವು, ಮುಚ್ಚಿದವು. ಪಾಪ, ಬಾಯಿಪಾಠ ಮಾಡಿ ಬಂದಿದ್ದಾಳೆ, ಅರ್ಥ ತಿಳಿದಿಲ್ಲ, ರೋಗಿ ಯಾರೆಂದರೂ ಹೀಗೇ ನಿಂತಾಳು, ಮುಂದಿನವರು ಬರಲಿ, ಎಂದಳು ದೊರೆಸಾನಿ. ಬೆಂಚಿನಿಂದ ತಾನು ಎದ್ದು ಒಂದು ಮಾತು, ನಾ ಸುಳ್ಳ ಹೇಳೀನಿ ನಾಗಿ, ನೀ ಹೇಳು, ಅಷ್ಟೇ ಸಾಕಿತ್ತು, ವಾಡೆಯನ್ನೇ ಉರುಳಿಸುವ ನಾಲಿಗೆ ಆಗ ಎಲ್ಲಿ ಸತ್ತಿತ್ತು, ಬೂಟು ಹಾಕಿದ ಹೆಂಗಸರ ಮುಂದೆ, ಸತ್ತ ಗಂಡನನ್ನು ಹಿಡಿದು ನಗೆಯಾಡಿದವಳು ಇವಳು ಎಂದಾರೆಂದು ಸೆರಗು ಕಚ್ಚಿ ಕೂತಳಲ್ಲ. ಅತ್ತಿ, ಬಿಸಲ ಭಾಳ ಅದ, ಸೆರಗ ಮುಂದ ತಗೋರಿ, ಅನ್ನುತ್ತಾಳೆ ಈಗ ಟಾಂಗಾದಲ್ಲಿ ಹುಡುಗಿ, ಸೀಟ ಹೋದರ ಹೋಗಲಿ ಬಿಡ್ರಿ, ಅವರು ದಿನಾ ಮದ್ದಿನ ನಡುವ ಇರತಾರ, ಅವರು ಇದ್ದರ ಸಾಕು. ಬೈದಿದ್ದರೆ ಬದುಕುತ್ತಿದ್ದಳು ರುದ್ರವ್ವ. ನಾಗಿ. ಏನ್ರಿ ಅತ್ತಿ. ಏನಿಲ್ಲ. ಹೇಳಬೇಕು, ಮುಂದೆ ಕಾಣುವ ಸೇತುವೆ ದಾಟುವುದರೊಳಗೆ, ತನ್ನವರ ಹೆಸರನ್ನೇ ಎತ್ತಿ ತೋರಿಸಬೇಕು, ನೋಡು, ಆಕಾಶ ಬೀಳಲಿಲ್ಲ, ಹೋದವರಿಗೆ ಇನ್ನೇನಾದೀತು, ದೊರೆಸಾನಿ ಇನ್ನೂ ಕೂತಿರುತ್ತಾಳೆ, ಟಾಂಗಾ ತಿರುಗಿಸಪ್ಪಾ ಎನ್ನಬೇಕು, ಈಗ, ಇಗೋ ಈಗ — ಸೇತುವೆ ಹಿಂದಾಯಿತು — ಆ ತುಟಿಗಳು, ಒಣಗಿ ಸಿಪ್ಪೆಯೆದ್ದ ತುಟಿಗಳು, ತೆರೆದವು, ಹಲ್ಲಿನ ಹಿಂದೆ ಹೆಸರು, ಕಣ್ಣು ಈ ಹಣೆಯ ಮೇಲೆ, ಮುಚ್ಚಿದವು, ತೆರೆದವು, ಈ ಹಣೆ, ಮುಚ್ಚಿದವು